ಸೌದೆ ಸಂದೀಲಿ ಹದಿನೇಳನೇ ನಂಬರ್

ತಡೀರಿ ತಡೀರಿ, ಸಿಂಚನಾನ ಕಳ್ಳಿ ಅಂತ ಅನ್ನೋಕೆ ಮುಂಚೆ ಇದನ್ನ ಪೂರ್ತಿ ಕೇಳಿಬಿಡಿ.

ಆವಾಗ ಅವಳು ಒಲೆ ಹತ್ರ ಕುಕ್ಕರಗಾಲಲ್ಲಿ ಕೂತಿದ್ಳು. ಅಮ್ಮನ ರಕ್ತ ತುಂಬಿದ ಟ್ಯೂಬನ್ನ ಆಗಷ್ಟೇ ಸೌದೆ ಸಂದಿಗೆ ತುರುಕಿದ್ಳು.

ಯಾಕೆ ಅಂತೀರಾ? ಅನುಮಾನ.

ಅಮ್ಮ ಗಂಗೆಗೆ ತಲೆಯೊಳಗೆ ಗೆಡ್ಡೆ. ಆಪರೇಷನ್ ಆಗಿ ಮೂರು ತಿಂಗಳು. ಎಸ್ಟೇಟಲ್ಲಿ ಎಲ್ಲರೂ ಕಾಫಿ ಕುಯ್ಯೋಕೆ ಹೋದ್ರೆ ಅಮ್ಮ ಮಾತ್ರ ಕೂಲಿಯೋರ ಲೈನ್ ಮನೇಲೇ. ಈ ಅನುಪಮಾ ಅಕ್ಕ ಆಸ್ಪತ್ರೆಯಿಂದ ಜೀಪಲ್ಲಿ ಬಂದಿದ್ದು ಇದು ಮೂರನೇ ಸಲ. ಬರೋದು, ರಕ್ತ ತೆಗೆಯೋದು, ಐಸ್ ಡಬ್ಬಿಗೆ ಹಾಕೋದು, ಹೋಗೋದು. ಒಂದು ಮಾತ್ರೆ ಕೂಡ ಕೊಡಲ್ಲ.

ಗೆಡ್ಡೆ ಇರೋದು ತಲೇಲಿ. ರಕ್ತ ತೆಗೆಯೋದು ಕೈಯಲ್ಲಿ. ಟ್ಯೂಬ್ ಮೇಲೆ ಅಮ್ಮನ ಹೆಸರೂ ಇಲ್ಲ, ಬರೀ 17. ಅಂಗಡಿ ಸಾಮಾನಿನ ಥರ.

ಅಕ್ಕ ಫೋನ್ ಸಿಗ್ನಲ್ ಹುಡುಕ್ತಾ ಜೀಪಿನ ತನಕ ಹೋದಾಗ ಸಿಂಚನಾ ಡಬ್ಬಿ ತೆಗೆದೇ ಬಿಟ್ಳು.

ಈಗ ಅಕ್ಕ ವಾಪಸ್ ಬಂದ್ರು. “ಗಂಗಕ್ಕ, ಟ್ಯೂಬ್ ಇಲ್ಲೇ ಇಟ್ಟಿದ್ದೆ ಅಲ್ವಾ?”

“ನೀವೇ ಡಬ್ಬಿಗೆ ಹಾಕಿದ್ರಲ್ಲ,” ಅಂದ್ಳು ಅಮ್ಮ.

ಸಿಂಚನಾ ಅಡುಗೆಮನೆಯಿಂದ ಇಣುಕಿದ್ಳು. “ಅದನ್ನ ಯಾರಿಗೆ ಮಾರ್ತೀರಾ ಅಕ್ಕ?”

“ಏಯ್, ಬಾಯಿ ಮುಚ್ಚು,” ಅಂತ ಅಮ್ಮ ಗದರಿದ್ಳು.

“ಮಾರಲ್ಲ ಪುಟ್ಟಾ, ಓದ್ತೀವಿ,” ಅಂದ್ರು ಅಕ್ಕ.

“ರಕ್ತ ಓದೋಕೆ ಅದೇನು ಟೆಕ್ಸ್ಟ್ ಬುಕ್ಕಾ?”

ಅಕ್ಕಂಗೆ ನಗು ಬಂತು. “ನಮ್ ಮೈಯಲ್ಲಿರೋ ಜೀವಕೋಶಗಳು ಚಿಕ್ಕ ಚಿಕ್ಕ ಚೀಲ ಹೊರಗೆ ಬಿಡ್ತಾವೆ. ಗೆಡ್ಡೆಯ ಜೀವಕೋಶಗಳೂ ಬಿಡ್ತಾವೆ. ನಿಮ್ ಸ್ಕೂಲ್ ಮೈಕ್ರೋಸ್ಕೋಪಲ್ಲೂ ಕಾಣಲ್ಲ, ಅಷ್ಟು ಚಿಕ್ಕದು. ಅದ್ರಲ್ಲಿ ಕೆಲವು ರಕ್ತಕ್ಕೆ ಸೇರಿ ಕೈತನಕ ಬರ್ತಾವೆ. ಒಳಗೆ ಗೆಡ್ಡೆಯ ಸುದ್ದಿ ಇರುತ್ತೆ.”

ಚೀಲ ಅಂತೆ, ಸುದ್ದಿ ಅಂತೆ. ಸಿಂಚನಾ ಮುಖ ಸೊಟ್ಟ ಮಾಡಿದ್ಳು.

“ಲೇ, ಎಸ್ಟೇಟ್ ಲೆಕ್ಕ ಬರೆಯೋ ರೈಟರ್ ದೇರಪ್ಪಣ್ಣ ಸಂಜೆ ಏನ್ಮಾಡ್ತಾರೆ?” ಅಮ್ಮ ಕೇಳಿದ್ಳು. “ತೋಟದೊಳಗೆಲ್ಲ ಸುತ್ತುತಾರಾ?”

“ಇಲ್ಲ. ಕಣದಲ್ಲಿ ನಿಂತು ಎಲ್ಲರ ಚೀಲ ಸುರಿಸಿ ನೋಡ್ತಾರೆ.”

“ನೋಡಿ?”

“ಯಾವ ಕಡೆ ಹಣ್ಣಾಗಿದೆ, ಎಲ್ಲಿ ಹುಳ ಬಿದ್ದಿದೆ, ಎಲ್ಲಾ ಹೇಳ್ತಾರೆ.” ಸಿಂಚನಾನ ದನಿ ಸಣ್ಣಗಾಯ್ತು. “ಚೀಲದ ಮೇಲೂ ನಂಬರೇ ಇರುತ್ತೆ.”

“ನಂದು ಮೂವತ್ತೆರಡು. ಇಷ್ಟು ವರ್ಷದಲ್ಲಿ ನನ್ನ ಯಾರಾದ್ರೂ ಮಾರಿದ್ರಾ?”

ಸಿಂಚನಾಗೆ ಇನ್ನೂ ಒಂದು ಅನುಮಾನ ಇತ್ತು. “ಹಾಗಾದ್ರೆ ಇದ್ರಿಂದ ಅಮ್ಮಂಗೆ ವಾಸಿ ಆಗುತ್ತಾ?”

ಅಕ್ಕ ಅವಳ ಕಡೆ ತಿರುಗಿದ್ರು. “ಹಾಗೆ ಹೇಳೋಕಾಗಲ್ಲ ಪುಟ್ಟಾ. ನಾವಿನ್ನೂ ಕಲೀತಾ ಇದ್ದೀವಿ. ಮುಂದೆ ಯಾವತ್ತಾದ್ರೂ, ಯಾರದ್ದಾದ್ರೂ ತಲೆ ತೆರೆಯದೇ ಗೆಡ್ಡೆ ವಿಷಯ ಗೊತ್ತಾಗ್ಬೋದು.”

“ಅದಕ್ಕೇ ನಾನು ರಕ್ತ ಕೊಡ್ತೀನಿ ಅಂತ ಇವರ ಕಾಗದಕ್ಕೆ ಸೈನ್ ಹಾಕಿದ್ದು,” ಅಂತ ಅಮ್ಮ ತಲೆ ಮೇಲಿನ ಹೊಲಿಗೆ ಗುರುತು ಮುಟ್ಕೊಂಡ್ಳು.

ಸುಳ್ಳು ಹೇಳೋರಾಗಿದ್ರೆ ‘ಆಗುತ್ತೆ’ ಅಂತಿದ್ರು, ಅಲ್ವಾ?

ಅಕ್ಕ ಡಬ್ಬಿ ಮುಚ್ಚಿದ್ರು. “ಟ್ಯೂಬ್ ಸಿಗದಿದ್ರೆ ಬಿಡಿ ಗಂಗಕ್ಕ. ನರ ಸಿಗದೆ ಆಗಲೇ ಮೂರು ಸಲ ಚುಚ್ಚಿದ್ದೀನಿ. ಇನ್ನೊಂದ್ಸಲ ಬೇಡ.”

ಸುಮ್ನಿದ್ರೆ ಆಯ್ತು, ಯಾರಿಗೂ ಗೊತ್ತಾಗಲ್ಲ. ಆದ್ರೆ ಅಮ್ಮ ಖಾಲಿ ಡಬ್ಬಿನೇ ನೋಡ್ತಾ ಇದ್ಳು.

ಸಿಂಚನಾ ಒಲೆ ಹತ್ರ ಹೋಗಿ ಟ್ಯೂಬ್ ತಂದು ಕೊಟ್ಳು. ಅಕ್ಕ ಮುಟ್ಟಿ ನೋಡಿದ್ರು. “ಬಿಸಿಯಾಗ್ಬಿಟ್ಟಿದೆ. ಇದು ಆಗಲ್ಲ.”

ಅಮ್ಮ ಬಯ್ಯಲಿಲ್ಲ. ಇನ್ನೊಂದು ಕೈ ಚಾಚಿದ್ಳು ಅಷ್ಟೇ.

ಸಿಂಚನಾ ಆ ಕೈ ಹಿಡ್ಕೊಂಡು ಕೂತ್ಳು. ಸೂಜಿ ಒಳಗೆ ಹೋಗುವಾಗ ಕಣ್ಣು ಮುಚ್ಚಲಿಲ್ಲ. ಆಮೇಲೆ ಹೊಸ ಟ್ಯೂಬಿನ ಮೇಲೆ 17 ಅಂತ ತಾನೇ ದುಂಡಗೆ ಬರೆದು, ಡಬ್ಬಿನ ಜೀಪಿನ ತನಕ ಎರಡೂ ಕೈಯಲ್ಲಿ ಹಿಡ್ಕೊಂಡು ಹೋದ್ಳು.

ಈಗ ನೀವು ಹೇಳಿ. ನೀವಾಗಿದ್ರೆ ಒಲೆ ಹತ್ರ ಹೋಗ್ತಿದ್ರಾ, ಇಲ್ಲ ಸುಮ್ನೆ ಕೂತಿರ್ತಿದ್ರಾ?