ರತ್ನಗಂಧಿಗೆ ಕಟ್ಟಿದ ಚಿಂದಿ

ರತ್ನಗಂಧಿ ಗಿಡಕ್ಕೆ ಹರಕೆ ಕಟ್ಟುವುದನ್ನು ಮಾಸ್ತಿ ಎಲ್ಲೂ ಕಂಡಿರಲಿಲ್ಲ. ಆದರೆ ಹೊನ್ನಾವರದ ಬಂಗಲೆಯ ಬೇಲಿ ಹತ್ತಿರ ಗಣಪಿ ಮಾಡುತ್ತಿದ್ದುದು ಮತ್ತೇನು? ಹಳೇ ಸೀರೆ ಹರಿದು, ಮುಳ್ಳು ತಾಗದ ಹಾಗೆ ಕೈ ತೂರಿಸಿ, ಕೊಂಬೆಗೊಂದು ಚಿಂದಿ ಕಟ್ಟುತ್ತಿದ್ದಳು.

ಮಾಸ್ತಿ ಶರಾವತಿಯಲ್ಲಿ ಜನರನ್ನು ದಾಟಿಸುವ ದೋಣಿಯವ. ಗಣಪಿ ಬಂಗಲೆಯ ಮಾಲಿ ಬೀರಪ್ಪನ ಮಗಳು. ಅಪ್ಪನ ಕಣ್ಣು ಮಂಜಾದ ಮೇಲೆ ಹೂತೋಟವೆಲ್ಲ ಅವಳದೇ ಕೈಯಲ್ಲಿತ್ತು.

"ಎಂತದೇ ಅದು, ಹರಕೆಯಾ?"

ಗಣಪಿ ತಿರುಗಿದಳು. ಕೆಂಪು, ಹಳದಿ ಗೊಂಚಲುಗಳ ನಡುವೆ ಅವಳ ಕಣ್ಣಷ್ಟೇ ಕಂಡವು. ಆ ಕಣ್ಣುಗಳೋ, ನಗುತ್ತಿದ್ದವು.

"ಹೌದು ಅಂದ್ಕೊ. ನಿಂಗೆ ಎಂತಕ್ಕೆ?"

ಹರಕೆ ಮಾವಳ್ಳಿಯ ಗಂಡಿಗಾಗಿಯೇ ಎಂದುಕೊಂಡ ಮಾಸ್ತಿ. ಶುಕ್ರವಾರ ಮಾವಳ್ಳಿಯಿಂದ ಅವಳನ್ನು ನೋಡಲು ಗಂಡಿನವರು ಬರುತ್ತಾರೆಂಬ ಸುದ್ದಿ ದೋಣಿಯಲ್ಲೇ ಕಿವಿಗೆ ಬಿದ್ದಿತ್ತು. ಯುದ್ಧಕಾಲ, ಪೆಟ್ರೋಲ್ ಸಿಗದೆ ಇದ್ದಲು ಉರಿಸಿದ ಗ್ಯಾಸಿನಲ್ಲಿ ಏದುಸಿರು ಬಿಡುತ್ತ ಓಡುವ ಬಸ್ಸು ಅವರನ್ನು ಆಚೆ ದಡದಲ್ಲಿ ಇಳಿಸುತ್ತದೆ. ಅಲ್ಲಿಂದ ಈಚೆಗೆ ಕರೆತರಬೇಕಾದವನು ಯಾರು? ಇದೇ ಮಾಸ್ತಿ! ಎರಡು ವರ್ಷ ಮನಸ್ಸಿನಲ್ಲಿಟ್ಟುಕೊಂಡವಳಿಗೆ ತಾನೇ ಗಂಡನ್ನು ದಾಟಿಸಿ ತರಬೇಕು. ಹಾಳಾದ ಬಾಯಿ, ಇಷ್ಟು ದಿನದಲ್ಲಿ ಒಂದು ಮಾತಾದರೂ ಆಡಬಾರದಿತ್ತೆ?

ಮರುದಿನ ಬಿಸಿಲೇರಿದ ಮೇಲೆ ಅವನೂ ತಲೆಯ ತುವಾಲಿನ ಅಂಚು ಹರಿದ. ಯಾರೂ ಇಲ್ಲವೆಂದು ನೋಡಿಕೊಂಡು ಕೊಂಬೆಗೆ ಕಟ್ಟಿ, ಮಾವಳ್ಳಿಯವರ ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಲಿ ಎಂದು ಕಣ್ಣು ಮುಚ್ಚಿ ಬೇಡಿಕೊಂಡ.

"ಕಾಯಿಯೇ ಇಲ್ದ ಕೊಂಬೆಗೆ ಬಟ್ಟೆ ಕಟ್ತಿಯಲ್ಲ ಮಾರಾಯ!"

ಹಿಂದೆ ಗಣಪಿ, ಸೊಂಟದಲ್ಲಿ ಕೊಡ.

"ಕಾಯಿಯಾ?"

ಚಟ್! ಪಕ್ಕದ ಒಣಗಿದ ಕಾಯಿ ಬಿಸಿಲಿಗೆ ಸಿಡಿದು, ಬೀಜವೊಂದು ಅವನ ಕೆನ್ನೆಗೇ ಬಡಿಯಿತು. ಗಣಪಿ ನಕ್ಕ ರಭಸಕ್ಕೆ ಕೊಡದ ನೀರು ತುಳುಕಿತು.

"ಹೀಂಗೆ ಹಾರಿ ಹೋಗ್ತದೆ ಅಂತ ಕಾಯಿಗೆ ಬಟ್ಟೆ ಕಟ್ಟೂದು. ಬೀಜ ಕಲ್ಲಿಗೆ ತಿಕ್ಕಿ, ಬಿಸಿನೀರಲ್ಲಿ ನೆನೆಹಾಕಿ ನೆಟ್ರೇ ಹುಟ್ಟೂದು. ಗೇಟಿನವರೆಗೂ ಬೇಲಿ ಬೆಳೆಸ್ಬೇಕು ಅಂತ ಸಾಹೇಬ್ರ ಹುಕುಂ. ಹರಕೆಯಂತೆ, ಹರಕೆ! ಅದಿರ್ಲಿ, ನೀ ಎಂತ ಬೇಡ್ಕಂಡೆ?"

ಮಾಸ್ತಿ ನೆಲ ನೋಡಿದ. ಆಮೇಲೆ ಅವಳನ್ನೇ ನೋಡಿದ.

"ನೀ ಮಾವಳ್ಳಿಗೆ ಹೋಗೂದು ಬೇಡ ಅಂತ. ನಂಗೆ ನೀ ಬೇಕು ಗಣಪಿ. ಹೇಳೂಕೆ ಬಾಯೇ ಬರ್ಲಿಲ್ಲ."

ಗಣಪಿಯ ನಗು ನಿಂತಿತು. ಕೊಡ ಕೆಳಗಿಟ್ಟಳು.

"ಎರಡು ವರ್ಷದಿಂದ ನಿನ್ನ ದೋಣಿ ಬರೂ ಹೊತ್ತಿಗೇ ಇಲ್ಲಿ ನಿಂತು ನೀರು ಹೊಯ್ತಿದ್ದೆ. ಈ ಗಿಡಕ್ಕೆ ಅಷ್ಟು ನೀರು ಬೇಡ, ಗೊತ್ತುಂಟಾ? ಬೇರು ಕೊಳೆತು ಒಂದು ಸತ್ತೇ ಹೋತು."

ಮಾಸ್ತಿ ಸಂತೋಷದಿಂದ ಬೆಪ್ಪಾಗಿ ನಿಂತುಬಿಟ್ಟ.

"ಹಾಂಗೆ ನಿಂತ್ರೆ ಆಗೂದಿಲ್ಲ," ಎಂದಳು. "ಅಪ್ಪಂಗೆ ಹೇಳು. ನಾಳೆಯೇ ಶುಕ್ರವಾರ."

ಬೀರಪ್ಪ ಜಗಲಿಯಲ್ಲಿ ಕೂತು ಗಿಡ ಸವರುವ ಕತ್ತಿ ಮಸೆಯುತ್ತಿದ್ದ. ಮಾಸ್ತಿ ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸಿದ. ಮುದುಕ ಮಸೆಯುವುದನ್ನು ನಿಲ್ಲಿಸಿ ಮಗಳು ನಿಂತ ಕಡೆ ಮುಖ ತಿರುಗಿಸಿದ.

"ಅಲ್ಲಿ ಗದ್ದೆ ಅದೆ, ಎರಡು ಜೋಡಿ ಎತ್ತು ಅದೆ. ಇವಂದು ಒಂದು ದೋಣಿ, ಅದೂ ಹಳೇದು. ಮಾವಳ್ಳಿಗೆ ಹೋಗೂಕೆ ದೋಣಿ ಹತ್ತೂ ಮನಸ್ಸಿಲ್ವಾ ನಿಂಗೆ?"

"ದೋಣಿ ಹತ್ತೂಕೆ ಮನಸ್ಸದೆ ಅಪ್ಪಾ," ಎಂದಳು ಗಣಪಿ. "ಆಚೆ ದಡದಲ್ಲಿ ಇಳಿಯೂಕೆ ಇಲ್ಲ."

ಬೀರಪ್ಪ ಕತ್ತಿ ಬದಿಗಿಟ್ಟು ಕೈ ಒರೆಸಿಕೊಂಡ.

"ಆತು. ಮಾಸ್ತೀ, ನಾಳೆ ಬಸ್ಸು ಬರೂದ್ರೊಳಗೆ ನನ್ನ ಆಚೆ ದಡಕ್ಕೆ ಬಿಡು. ಅವರಿಗೆ ನಾನೇ ಕೈ ಮುಗಿದು ಹೇಳಿ ಬರ್ತೆ."