ಸಜ್ಜೆ ಹೊಲದ ಕೂಗು

ಹಕ್ಕಿಯ ಫೋಟೋ ತೆಗೆಯಲು ಜೀಪು ಬಾಡಿಗೆ ಹಿಡಿಯುವ ಮೂರ್ಖನನ್ನು ನಾನು ಮೊದಲು ಕಂಡದ್ದು ೧೯೭೯ರ ದಸರೆಯ ಹೊತ್ತಿಗೆ. ಧಾರವಾಡದ ಸಾಹೇಬ. ಬಾದಾಮಿಯಿಂದ ಇಳಕಲ್‌ವರೆಗೆ ನಾಲ್ಕು ದಿನ ಅವನ ಡ್ರೈವರ್ ನಾನೇ. ಹುನಗುಂದ ದಾಟಿದ ಮೇಲೆ, ಮಟಮಟ ಮಧ್ಯಾಹ್ನ, ತೆನೆ ಬಲಿತ ಸಜ್ಜೆ ಹೊಲದ ಬಳಿ ಜೀಪು ನಿಲ್ಲಿಸಲು ಹೇಳಿದ. ಹೊಲದ ನಡುವಿನ ಅಟ್ಟದಿಂದ ಮುದುಕಿಯೊಬ್ಬಳು "ಹೋ... ಹೋ..." ಎಂದು ಹಕ್ಕಿ ಓಡಿಸುವುದು ಕೇಳುತ್ತಿತ್ತು.

"ಆಕೀನ ಸುಮ್ಮನಿರಸಪಾ, ಹಕ್ಕಿ ಕೂಡವಲ್ವು," ಎಂದ ಸಾಹೇಬ.

ಬಿಸಿಲಿಗೆ ನನ್ನ ತಲೆ ಕಾದಿತ್ತು. "ಏ ಮುದುಕಿ, ಬಾಯಿ ಮುಚ್ಚ!" ಎಂದು ಒದರಿದೆ.

ಕೂಗು ನಿಂತಿತು. ಗಾಳಿಯೂ ನಿಂತಿತು. ಬೆವರಿದ ಬೆನ್ನು ಒಮ್ಮೆಲೇ ತಣ್ಣಗಾಯಿತು. ಹೊಲದ ತುಂಬ ಹಕ್ಕಿ ಇಳಿದವು, ರೆಕ್ಕೆಯ ಸಪ್ಪಳವೇ ಇಲ್ಲ. ಸಾಹೇಬ ಹಲ್ಲು ಕಿಸಿಯುತ್ತ ಕ್ಯಾಮೆರಾ ಒತ್ತುತ್ತಲೇ ಇದ್ದ.

ಹೊಲದ ಒಡೆಯ ಗುರಪ್ಪ ಏದುಸಿರು ಬಿಡುತ್ತ ಓಡಿಬಂದ. "ಯಾಂವಲೇ ನಮ್ಮವ್ವನ್ನ ಬೈದಾಂವ? ಆಕಿ ಸತ್ತು ಮೂರು ವರ್ಷಾತು, ಒಂದು ತೆನಿ ಹಕ್ಕಿ ಮುಟ್ಟಿರಲಿಲ್ಲ. ತಪ್ಪಾತು ಅನ್ನಲೇ!"

"ಸತ್ತಾಕಿಗೆ ನಾ ಯಾಕ ಅನ್ಲಿ? ಹುಚ್ಚ ಹಿಡದೈತೇನು ನಿನಗ?" ಎಂದು ಜೀಪು ಹತ್ತಿದೆ.

ಆ ಸಲ ಗುರಪ್ಪನಿಗೆ ಒಂದು ಕಾಳೂ ದಕ್ಕಲಿಲ್ಲ. ಮರುವರ್ಷ ಬಿತ್ತಲೂ ಇಲ್ಲ. ಸುದ್ದಿ ಕೇಳಿ ನಾನೊಬ್ಬನೇ ಹೋಗಿ, ಅಟ್ಟದ ಕೆಳಗೆ ನಿಂತು, ತಪ್ಪಾಯಿತು ಎಂದೆ. ಬರೀ ಮಣ್ಣಿನ ಮೇಲೆ, ಹೊಲದ ತುಂಬ ಹಕ್ಕಿ ಕೂತಿದ್ದವು. ಚಪ್ಪಾಳೆ ತಟ್ಟಿದೆ, ಒದರಿದೆ, ಒಂದೂ ಏಳಲಿಲ್ಲ.