ಕೂಡಂಗಿಲ್ಲ ಅಂದ ಕಲ್ಲು

"ಯಾರ್ರೀ ಇದಕ್ಕ ಬೂಟ್ ಪಾಲಿಶ್ ಹಚ್ಚಿದವ್ರು?"

ಶೈಲಾಳ ದನಿ ಅಡಿಗೆಮನೆಯಿಂದ ಹಾಲ್‌ವರೆಗೂ ಕೇಳಿಸಿತು. ಮುಲುಂಡ್‌ನ ಆ ನಾಲ್ಕನೇ ಮಹಡಿಯ ಫ್ಲ್ಯಾಟಿಗೆ ಅವಳು ಕಾಲಿಟ್ಟು ಇನ್ನೂ ಎರಡು ನಿಮಿಷವೂ ಆಗಿರಲಿಲ್ಲ!

ಕಪ್ಪು ಗ್ರಾನೈಟಿನ ಅಡಿಗೆಕಟ್ಟೆಯ ಅಂಚಿನಲ್ಲಿ ಒಂದು ಚಕ್ಕೆ ಹಾರಿತ್ತು. ಆ ಗಾಯಕ್ಕೆ ಯಾರೋ ಮಹಾನುಭಾವರು ಬೂಟ್ ಪಾಲಿಶ್ ತುಂಬಿ ಮೇಲೆ ಬಟ್ಟೆಯಿಂದ ತಿಕ್ಕಿದ್ದರು.

ಬಾಗಿಲಲ್ಲಿ ನಿಂತಿದ್ದ ಯುವಕನ ಕಿವಿ ಕೆಂಪಾಯಿತು. ಹೆಸರು ಶಿವಪುತ್ರ. ಊರು ಧಾರವಾಡ. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ತಾಯಿ ಅಂಬವ್ವನ ಜೊತೆ ಮುಂಬಯಿಗೆ ಬಂದು ಎರಡೇ ವರ್ಷ.

"ನಾನಾ ಹಚ್ಚೀನಿ. ಏನೀಗ?"

"ಏನಿಲ್ಲ. ನಿಮ್ಮ ಕಟ್ಟಿ ಆಫೀಸಿಗೆ ಹೋಗ್ತೈತೇನು ಅಂತ ಕೇಳಿದೆ."

"ಸಂಗಪ್ಪ ಅನ್ನೋರು ಬರ್ತಾರಂದಿದ್ರು. ನೀವ್ಯಾರು?"

"ಸಂಗಪ್ಪನ ಮಗಳು. ಮೊದಲು ಕೆಲಸ ನೋಡ್ರಿ, ಆಮ್ಯಾಲೆ ಮಾತಾಡ್ರಿ."

ಎಂಥ ಹುಡುಗಿ ಮಾರಾಯಿತಿ! ಶಿವಪುತ್ರನಿಗೆ ಸಿಟ್ಟು ಬಂತು. ಆದರೂ ಅಲ್ಲಿಂದ ಕದಲಲಿಲ್ಲ.

ಅವಳು ಪಾಲಿಶ್ ಕೆರೆದು ತೆಗೆದಳು. ಒಂದು ಹಾಳೆಯ ಮೇಲೆ ಅಂಟು ಹಾಕಿ ಬಣ್ಣ ಕಲೆಸತೊಡಗಿದಳು. ಬರೀ ಕಪ್ಪಲ್ಲ. ಕಪ್ಪಿಗೆ ಚೂರು ಬೂದಿ ಬಣ್ಣ, ಉಗುರಿನಷ್ಟು ಹಸಿರು. ಕಲ್ಲಿನ ಪಕ್ಕ ಹಿಡಿದು ನೋಡಿದಳು, ತಲೆಯಾಡಿಸಿದಳು, ಮತ್ತೆ ಕಲೆಸಿದಳು. ಗಾಯ ತುಂಬಿ, ಆರಿದ ಮೇಲೆ ಬ್ಲೇಡಿನಿಂದ ಸವರಿ, ಉಜ್ಜಿ, ಹಿಂದೆ ಸರಿದು ನಿಂತಳು.

"ಎಲ್ಲಿತ್ತು ಹೇಳ್ರಿ ನೋಡೋಣ?"

ಅವನು ಅಂಚಿನುದ್ದಕ್ಕೂ ಬೆರಳಾಡಿಸಿದ. ಸಿಗಲಿಲ್ಲ! ಮತ್ತೆ ಹುಡುಕಿದ. ಇಲ್ಲ! ಕೊನೆಗೆ ಅವಳೇ ಅವನ ಬೆರಳು ಹಿಡಿದು ಜಾಗದ ಮೇಲಿಟ್ಟಳು.

"ಇಲ್ಲಿ."

ಹಿಡಿದ ಮೇಲೆ ಅವಳಿಗೆ ತಾನು ಏನು ಮಾಡಿದೆ ಅನ್ನುವುದು ಹೊಳೆಯಿತು. ಥಟ್ಟನೆ ಕೈ ತೆಗೆದಳು. ಸುಣ್ಣ, ಅಂಟು, ಕಲ್ಲಿನ ಪುಡಿಯಿಂದ ಒಡೆದು ಒರಟಾದ ಕೈ ಅದು. 'ಅಯ್ಯ, ಏನಂದ್ಕೊಂಡ್ನೋ...'

ಅವನು ಏನೂ ಅಂದುಕೊಂಡಿರಲಿಲ್ಲ. ಅವನು ಇನ್ನೂ ಆ ಬೆರಳನ್ನೇ ನೋಡುತ್ತಿದ್ದ, ಅಷ್ಟೇ!

ಅಲ್ಲಿಂದ ಮುಂದೆ ನೋಡಿ, ಆ ಮನೆಯ ಕಲ್ಲುಗಳಿಗೆ ಏನಾಯಿತೋ ಏನೋ! ಒಂದು ತಿಂಗಳು ಬಾತ್‌ರೂಮಿನ ಹೊಸ್ತಿಲು, ಮುಂದಿನ ತಿಂಗಳು ಹಾಲ್‌ನ ಮಾರ್ಬಲ್. ಮೂರನೆಯ ಸಲ ಅವನು ನೆಲದ ಮೇಲೆ ಬಿಳಿ ಗೆರೆಯೊಂದನ್ನು ತೋರಿಸಿ, "ಬಿರುಕು ಬಿಟ್ಟದ" ಎಂದ. ಶೈಲಾ ಬಗ್ಗಿದಳು. ಉಗುರಿನಿಂದ ಎಬ್ಬಿದಳು. ಗೆರೆ ಎದ್ದು ಕೈಗೆ ಬಂತು.

"ಇದು ಬಿರುಕಲ್ಲರೀ... ಒಣಗಿದ ಶ್ಯಾವಿಗಿ!"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಇಬ್ಬರಿಗೂ ಎತ್ತ ನೋಡಬೇಕೋ ತಿಳಿಯಲಿಲ್ಲ.

ಒಂದು ಸೋಮವಾರ, ಲಿಫ್ಟಿನ ಹತ್ತಿರ, ಅವನು ಹೇಳಿಯೇ ಬಿಟ್ಟ.

"ಬೆಳಗಾವಿಯಿಂದ ಒಂದು ಸಂಬಂಧ ಬಂದದ. ಬರೋ ಐತವಾರ ನಾನೂ ಅವ್ವನೂ ಹೋಗಿ ಮಾತು ಕೊಡೋದಂತ ಆಗೇದ. ಶನಿವಾರದೊಳಗ ನನ್ನ ಮನಸ್ಸು ಹೇಳ್ತೀನಂತ ಅವ್ವಗ ಅಂದೀನಿ. ನನ್ನ ಮನಸ್ಸು..." ಅವನು ಲಿಫ್ಟಿನ ಗುಂಡಿ ಸುಮ್ಮನೆ ಇನ್ನೊಮ್ಮೆ ಒತ್ತಿದ. "ನನಗ ನೀವು ಬೇಕ್ರಿ ಶೈಲಾ."

ಅವಳ ಕೈಯಲ್ಲಿದ್ದ ಚೀಲ ಜಾರಿತು. ಹೂಂ ಅನ್ನುವುದು ಎಷ್ಟು ಸುಲಭವಿತ್ತು! ಆದರೆ ಮನೆಯಲ್ಲಿ ಅಪ್ಪ ಒಬ್ಬನೇ ಇದ್ದ.

"ಅಪ್ಪಗ ಕೇಳ್ತೀನಿ. ಶನಿವಾರ ಮುಂಬಾಗಿಲ ಹೊಸ್ತಿಲದ ಕೆಲಸಕ್ಕ ಬರ್ತೀನಲ್ಲ, ಅವಾಗ ನಾನಾ ಬಾಯಿಂದ ಹೇಳ್ತೀನಿ."

ಸಂಗಪ್ಪ ವಿಜಯಪುರದ ಕಡೆಯಿಂದ ಬಂದು ನಲವತ್ತು ವರ್ಷ ಮುಂಬಯಿಯ ನೆಲ ಉಜ್ಜಿದವನು. ಆ ಪುಡಿಯೆಲ್ಲ ಎದೆಗಿಳಿದು ಈಗ ವಿಕ್ರೋಳಿಯ ಚಾಳಿನ ಖೋಲಿಯಲ್ಲಿ ಕೆಮ್ಮುತ್ತ ಕೂತಿದ್ದ. ಮಗಳ ಮಾತು ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದ.

"ಹುಡುಗ ನಿನ್ನ ಕೈ ನೋಡ್ಯಾನೇನವಾ?"

"ನೋಡ್ಯಾನಪಾ."

"ಏನಂದ?"

"ಈ ಕೈಯಾಗ ಬಣ್ಣ ಹುಟ್ಟತಾವು ಅಂದ."

ಸಂಗಪ್ಪ ನಕ್ಕ, ಕೆಮ್ಮಿದ, ಕಣ್ಣೊರೆಸಿಕೊಂಡ. "ಹಂಗಾದ್ರ ಹೂಂ ಅನ್ನು. ನಂದೇನೂ ತಕರಾರಿಲ್ಲ."

ಅವತ್ತು ಅವಳಿಗೆ ಊಟವೇ ಸೇರಲಿಲ್ಲ. ಶನಿವಾರಕ್ಕೆ ಇನ್ನೂ ಐದು ದಿನ!

ಬುಧವಾರ ಬೆಳಿಗ್ಗೆ ಲೋಕಲ್ ಗಾಡಿಯಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಫೋನು ಕುಂಯ್ ಅಂದಿತು. ಶಿವಪುತ್ರ! ಅಡಿಗೆಕಟ್ಟೆಯ ಫೋಟೋ. ಸಿಂಕ್‌ನಿಂದ ಗ್ಯಾಸ್ ಒಲೆಯವರೆಗೆ ಬೆರಳಗಲದ ಕಪ್ಪು ಬಿರುಕು. ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದ: 'ಏನಂತೀರಿ?'

ಅವನ ಮನಸ್ಸಿನಲ್ಲಿ ಆ ಒಂದು ಪದಕ್ಕೆ ಅರ್ಥ ಬೇರೆಯೇ ಇತ್ತು. ಶನಿವಾರದವರೆಗೆ ತಡೆಯಲಾಗಿರಲಿಲ್ಲ ಹುಡುಗನಿಗೆ. ನೇರ ಕೇಳಲು ನಾಚಿಕೆ. ಕಲ್ಲಿನ ನೆಪ ಸಿಕ್ಕಿತ್ತು, ಕಳಿಸಿದ್ದ.

ಶೈಲಾ ಮಾತ್ರ ಕಲ್ಲನ್ನಷ್ಟೇ ನೋಡಿದಳು. ಮರಾಠಿ ಶಾಲೆಯಲ್ಲಿ ಕಲಿತವಳು. ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದರ ಹೆಬ್ಬೆರಳಿನಿಂದ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದಳು: 'ತಡಾ ಭಾಳ ಆಗೈತಿ. ಇನ್ನ ಕೂಡಂಗಿಲ್ಲ. ಕೈ ಬಿಡ್ರಿ.'

ಬಿರುಕಿಗೆ ಮರಾಠಿಯಲ್ಲಿ ತಡಾ ಅನ್ನುತ್ತಾರೆ. ಮುಂಬಯಿಯ ಕಲ್ಲಿನ ಕೆಲಸದವರೆಲ್ಲರಿಗೂ ಅದು ತಡಾನೇ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ದೀರ್ಘವೂ ಒಂದೇ, ಹ್ರಸ್ವವೂ ಒಂದೇ. ಧಾರವಾಡದವನು ಏನು ಓದಿಯಾನು?

ತಡ ಭಾಳ ಆಗೈತಿ. ಇನ್ನ ಕೂಡಂಗಿಲ್ಲ. ಕೈ ಬಿಡ್ರಿ!

ಶಿವಪುತ್ರ ಆಫೀಸಿನ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟ. ಬಹಳ ಹೊತ್ತಿನ ಮೇಲೆ ಉತ್ತರ ಬರೆದ: 'ಆತು. ಶನಿವಾರ ಬರೋದು ಬ್ಯಾಡ.'

ಅದನ್ನು ಓದಿದಾಗ ಶೈಲಾ ಪರೇಲಿನಲ್ಲಿ ಯಾವುದೋ ಆಫೀಸಿನ ನೆಲದ ಮೇಲೆ ಮೊಣಕಾಲೂರಿ ಕೂತಿದ್ದಳು. ಓದಿದಳು. ಮತ್ತೆ ಓದಿದಳು. ಕಲೆಸಿಟ್ಟ ಬಣ್ಣ ಹಾಳೆಯ ಮೇಲೆಯೇ ಗಟ್ಟಿಯಾಗಿ ಹೋಯಿತು.

'ಬರೋದು ಬ್ಯಾಡ... ಅಂದ್ರ? ನನ್ನ ಉತ್ತರಾನೂ ಬ್ಯಾಡೇನು?'

ಫೋನ್ ಮಾಡಿ ಕೇಳಬಹುದಿತ್ತಲ್ಲ ಅಂತೀರಾ? ಮಾಡಿದಳು ಕಣ್ರೀ! ಅವನು ಕಟ್ ಮಾಡಿದ. ನಾಲ್ಕು ಜನರ ಮುಂದೆ ಅಳು ಬಂದರೆ ಎಂಬ ಹೆದರಿಕೆ ಅವನಿಗೆ. ಅದು ಇವಳಿಗೆ ಹೇಗೆ ಗೊತ್ತಾಗಬೇಕು?

'ಸರಿ. ಕಲ್ಲು ಉಜ್ಜುವವರ ಮಗಳು ಅಂತ ಈಗ ನೆನಪಾಗಿರಬೇಕು. ಅವರವ್ವ ಏನೋ ಅಂದಿರಬೇಕು.' ಮತ್ತೆ ಫೋನ್ ಮುಟ್ಟಲಿಲ್ಲ. ಅಪ್ಪ ಕೇಳಿದರೆ, "ಅವರು ಊರಿಗೆ ಹೊಂಟಾರ" ಎಂದಳು. ಶನಿವಾರ ಇಡೀ ದಿನ ಚೀಲದ ಸಾಮಾನು ಒರೆಸುತ್ತ ಕೂತಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ನಾಳೆ ಬೆಳಗಾವಿ. ನಾಳೆ ಅವನು ಬೇರೆ ಯಾರಿಗೋ ಮಾತು ಕೊಡುತ್ತಾನೆ!

ಐತವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಬಂತು. ಅಂಬವ್ವ!

"ಏನವಾ ಶೈಲಾ, ನಿನ್ನೆ ಬರಲೇ ಇಲ್ಲ? ಕಟ್ಟಿ ಸೀಳೇದ. ಹನ್ನೊಂದಕ್ಕ ಟ್ಯಾಕ್ಸಿ ಬರ್ತದ, ಅದರೊಳಗ ಬಂದು ಮಾಡಿಕೊಟ್ಟು ಹೋಗು."

"ಅಮ್ಮಾ, ಅದು ಕೂಡಂಗಿಲ್ಲ. ಕಲ್ಲಾ ಬದಲಿ ಮಾಡಬೇಕು."

"ಫೋಟೋ ನೋಡಿ ಹೇಳಬ್ಯಾಡ. ಕಣ್ಣಿಂದ ನೋಡಿ ಹೇಳು."

ಹೋಗಬಾರದು ಅಂದುಕೊಂಡಳು. ಹತ್ತು ನಿಮಿಷಕ್ಕೆ ಚೀಲ ಹೆಗಲಿಗೇರಿತ್ತು. 'ಕೆಲಸಕ್ಕ ಹೊಂಟೀನಿ. ಬರೇ ಕೆಲಸಕ್ಕ!' ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಹಾಲ್‌ನಲ್ಲಿ ಎರಡು ಬ್ಯಾಗು ಕಟ್ಟಿಟ್ಟಿದ್ದವು. ಶಿವಪುತ್ರ ಹೊಸ ಅಂಗಿ ತೊಟ್ಟಿದ್ದ. ಅವಳನ್ನು ಕಂಡವನ ಮುಖ ಬಿಳಿಚಿತು.

"ನೀವ್ಯಾಕ ಬಂದ್ರಿ?"

"ನಿಮ್ಮ ಅವ್ವ ಕರದ್ರು. ನಿಮಗಲ್ಲ ಬಂದದ್ದು, ಕಲ್ಲಿಗೆ."

ನೇರ ಅಡಿಗೆಮನೆಗೆ ಹೋದಳು. ಬಿರುಕಿಗೆ ಥಿನ್ನರ್ ಹಚ್ಚಿ ಉಜ್ಜಿದಳು. ಬಟ್ಟೆಗೆ ಕಪ್ಪು ಬಂತು. ಮೂಸಿದಳು. ಮೈಯೆಲ್ಲ ಉರಿಯಿತು!

"ಮತ್ತ ಬೂಟ್ ಪಾಲಿಶ್!"

"ನಾನಲ್ಲ!" ಶಿವಪುತ್ರ ಕೂಗಿದ. "ಅವ್ವನ ಆಣಿ, ನಾನಲ್ಲ!"

ಬಾಗಿಲಲ್ಲಿದ್ದ ಅಂಬವ್ವ ಛಾವಣಿ ನೋಡತೊಡಗಿದಳು. "ಕಟ್ಟಿ ಮ್ಯಾಲೆ ಶೇಂಗಾ ಹಿಂಡಿ ಕುಟ್ಟೂ ಮುಂದ ಸೀಳಿತವಾ. ಮಗ ಬೈತಾನಂತ, ಹೆಂಗೂ ಡಬ್ಬಿ ಇತ್ತಲ್ಲ ಅಂತ, ನಾನಾ ತುಸು ಹಚ್ಚಿದೆ..."

ಪಾಲಿಶ್ ಹೋದ ಮೇಲೆ ಉಳಿದದ್ದು ಕೂದಲೆಳೆಯಷ್ಟು ಗೆರೆ. ಫೋಟೋದಲ್ಲಿ ಬೆರಳಗಲ ಕಂಡಿದ್ದು ಬರೀ ಪಾಲಿಶ್! ಒಂದು ಬದಿಯ ಕಲ್ಲು ಮಾತ್ರ ಚೂರು ಕೆಳಗಿಳಿದಿತ್ತು. ಅದನ್ನು ಕೆಳಗಿನಿಂದ ಎತ್ತಿ ಹಿಡಿಯಬೇಕು. ಆಧಾರಕ್ಕೆ ಕೊಡುವ ಕಟ್ಟಿಗೆ ತುಂಡು? ಅವಸರದಲ್ಲಿ ಮನೆಯಲ್ಲೇ ಮರೆತು ಬಂದಿದ್ದಳು.

ಅಂಟಿಗೆ ಗಟ್ಟಿ ಮಾಡುವ ಔಷಧ ಬೆರೆಸಿಯಾಗಿತ್ತು. ಇನ್ನು ಹಿಂದೆ ಸರಿಯುವಂತಿಲ್ಲ.

"ಒಬ್ಬರು ಕೆಳಗಿಂದ ಎತ್ತಿ ಹಿಡೀಬೇಕು. ಇಪ್ಪತ್ತು ನಿಮಿಷ."

ಅಂಬವ್ವ ಮಗನ ಕಡೆ ನೋಡಿದಳು. ಅವನು ಹೊಸ ಅಂಗಿಯ ತೋಳು ಮಡಚಿ, ಕಟ್ಟೆಯ ಕೆಳಗೆ ಬಗ್ಗಿ, ಎರಡೂ ಅಂಗೈ ಕಲ್ಲಿಗೆ ಕೊಟ್ಟ. ಶೈಲಾ ಬಿರುಕು ತುಂಬಿ ಮೇಲಿನಿಂದ ಒತ್ತಿ ಹಿಡಿದಳು. ನಡುವೆ ಇಷ್ಟು ದಪ್ಪದ ಕಲ್ಲು.

ಗಡಿಯಾರದ ಸದ್ದು. ನಲ್ಲಿಯ ತೊಟ್ಟು.

ಬಾಗಿಲ ಬಳಿಯ ಇಂಟರ್‌ಕಾಮ್ ಕಿರುಚಿತು. ಅಂಬವ್ವ ಎತ್ತಿದಳು. ಕೆಳಗಿನ ವಾಚ್‌ಮನ್ ಅಮೋಲ್. ಟ್ಯಾಕ್ಸಿ ಬಂದಿದೆಯಂತೆ!

ಶಿವಪುತ್ರ ಥಟ್ಟನೆ ಬಾಗಿಲ ಕಡೆ ತಿರುಗಿದ. ಕಲ್ಲು ಅಲುಗಿತು.

"ಕೈ ಬಿಡಬ್ಯಾಡ್ರಿ!" ಶೈಲಾ ಚೀರಿದಳು. "ಈಗ ಬಿಟ್ರ ಕಲ್ಲು ಕೂಡಂಗಿಲ್ಲ!"

ಅವನು ತಲೆಯೆತ್ತಿದ. ಕಣ್ಣು ಕೆಂಪಾಗಿದ್ದವು.

"ಬಿಡು ಅಂದವ್ರೂ ನೀವಾ, ಬಿಡಬ್ಯಾಡ ಅನ್ನೋರೂ ನೀವಾ! ಕೂಡಂಗಿಲ್ಲ, ಕೈ ಬಿಡ್ರಿ ಅಂತ ಬುಧವಾರ ನೀವಾ ಬರದಿರಲ್ಲ?"

"ಕಲ್ಲಿಗೆ ಹೇಳಿದ್ದು ಅದು!"

"ಕಲ್ಲಿಗೆ ಯಾರಾದ್ರೂ 'ತಡ ಭಾಳ ಆಗೈತಿ' ಅಂತಾರೇನು?"

"ತಡ ಅಂತ ಯಾರಂದ್ರು? ತಡಾ... ತಡಾ ರೀ!" ಕೈ ಎತ್ತುವಂತಿರಲಿಲ್ಲ. ಗದ್ದದಿಂದ ಬಿರುಕು ತೋರಿಸಿದಳು. "ಇದು! ಸೀಳು! ಇದಕ್ಕ ನಾವು ತಡಾ ಅಂತೀವಿ!"

ಅವನು ಕೆಳಗಿನಿಂದ ಆ ಗೆರೆ ನೋಡಿದ, ಅವಳ ಮುಖ ನೋಡಿದ.

"ಅಂದ್ರ..." ಅವನು ಕಲ್ಲನ್ನು ಇನ್ನೂ ಗಟ್ಟಿಯಾಗಿ ಎತ್ತಿ ಹಿಡಿದ. "ನಾನು 'ಏನಂತೀರಿ' ಅಂತ ಕೇಳಿದ್ದು ಕಲ್ಲಿನ ಮಾತಲ್ಲರೀ. ಸೋಮವಾರ ಲಿಫ್ಟಿನ ಹತ್ರ ಕೇಳಿದ್ದು."

ಶೈಲಾಳ ಕಣ್ಣು ತುಂಬಿ ಬಂತು. ನಾಲ್ಕು ದಿನ! ನಾಲ್ಕು ದಿನ ಈ ಮನುಷ್ಯನ ಮೇಲೆ ಎಷ್ಟು ಕೋಪ ಮಾಡಿಕೊಂಡಿದ್ದಳು, ತನ್ನ ಕೈಯನ್ನೇ ಎಷ್ಟು ಶಪಿಸಿದ್ದಳು! ಒರೆಸಿಕೊಳ್ಳಲು ಕೈ ಬಿಡುವಿಲ್ಲ. ಹನಿಗಳು ಕಟ್ಟೆಯ ಮೇಲೆ ಬಿದ್ದವು.

"ನನ್ನ ಕೈ ನೋಡಿ ಬ್ಯಾಡ ಅಂದ್ರಿ ಅಂದ್ಕೊಂಡೆ."

"ಹುಚ್ಚಿ..." ಅವನ ಬಾಯಿಂದ ಮೊದಲ ಸಲ ಏಕವಚನ ಜಾರಿತು. "ಆ ಕೈ ಸಲುವಾಗಿ ಅಲ್ಲೇನು ನಾನು ಶ್ಯಾವಿಗಿ ತೋರಿಸಿ ಕರದದ್ದು?"

ಇಂಟರ್‌ಕಾಮ್ ಮತ್ತೆ ಕಿರುಚಿತು. ಅಂಬವ್ವ ಹೋಗಿ ಎತ್ತಿಕೊಂಡಳು. "ಅಮೋಲ್, ಗಾಡೀ ವಾಪಸ್ ಭೇಜ್ ದೇ ಬೇಟಾ. ಹಮ್ ನಹೀ ಜಾತೇ."

ಟ್ಯಾಕ್ಸಿ ವಾಪಸು ಕಳಿಸಲು ಹೇಳಿ, ಇಂಟರ್‌ಕಾಮ್ ಇಟ್ಟು, ತಿರುಗಿ ನಿಂತಳು.

"ಶ್ಯಾವಿಗಿಗೂ ಫೋನ್ ಮಾಡಿ ಕರಸ್ತಾನ. ತಿಳಿಯಂಗಿಲ್ಲೇನು ನನಗ? ಬುಧವಾರದಿಂದ ಒಂದು ತುತ್ತು ನೆಟ್ಟಗ ಉಂಡಿಲ್ಲ. ಅದಕ್ಕಾ ನಾನಾ ಕರದೆ. ಬೆಳಗಾವಿಯವ್ರಿಗೆ ನಾನು ಹೇಳ್ಕೋತೀನಿ." ಅವಳ ದನಿ ಮೆತ್ತಗಾಯಿತು. "ನಿಮ್ಮ ಅಪ್ಪ ಏನಂದ್ರವಾ?"

"ತಕರಾರಿಲ್ಲ ಅಂದ್ರು."

"ನಮ್ಮದೂ ಇಲ್ಲ. ಸಂಜಿಕ್ಕ ಅವರನ್ನ ನೋಡಾಕ ಬರ್ತೀವಿ." ಹಾಗೆಂದು ಅಂಬವ್ವ ಬೆಳಗಾವಿಗೆ ಫೋನ್ ಹಚ್ಚಲು ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಇಬ್ಬರೇ ಉಳಿದರು. ಮಧ್ಯೆ ಕಲ್ಲು. ಶೈಲಾಗೆ ಉಸಿರು ಈಗ ಸರಾಗವಾಗಿ ಬರುತ್ತಿತ್ತು. ಇಷ್ಟು ಸುಖ ತನ್ನ ಪಾಲಿಗೂ ಇತ್ತೇ ಎಂದು ಆಶ್ಚರ್ಯವಾಯಿತು.

"ಶೈಲಾ... ಈಗರೆ ಹೇಳು. ಏನಂತಿ?"

"ತಡಾನೂ ಹೋತು, ತಡನೂ ಆಗಿಲ್ಲ. ಕೂಡತೈತಿ."

ಅವನು ಕಟ್ಟೆಯ ಕೆಳಗೆ ಬಗ್ಗಿದಲ್ಲೇ ನಕ್ಕ. ಬಹಳ ಹೊತ್ತು ಇಬ್ಬರೂ ಹಾಗೇ ಇದ್ದರು. ಅವನ ಸೊಂಟ ನೋಯತೊಡಗಿತು, ತೋಳು ಜೋಮು ಹಿಡಿಯಿತು.

"ಇನ್ನೂ ಗಟ್ಟಿ ಆಗಿಲ್ಲೇನು?"

"ಗಟ್ಟಿ ಆಗಿ ಭಾಳ ಹೊತ್ತಾತು."

"ಮತ್ಯಾಕ ಹೇಳಲಿಲ್ಲ?"

ಶೈಲಾ ಬಗ್ಗಿ, ಕಟ್ಟೆಯ ಕೆಳಗಿದ್ದ ಅವನ ಮುಖ ನೋಡಿದಳು.

"ಹೇಳಿದ್ರ ನೀವು ಕೈ ಬಿಡ್ತಿದ್ರಿ..."